ಗೋಡೆಯ ಮೇಲಿನ ಬೆಳ್ಳನೆ ಚೌಕ

ಬೆಳಗಿನ ಆರೂಕಾಲು. ಭದ್ರಾವತಿ ಕಾಗದನಗರದ ಹಳೆಯ ಕ್ವಾರ್ಟರ್ಸ್ ಒಂದರಲ್ಲಿ ರಕ್ತ ತೆಗೆಯುವ ಪೆಟ್ಟಿಗೆ ಇಳಿಸಿದ ಶರಾವತಿ ಮೊದಲು ಮೂಗರಳಿಸುತ್ತಾರೆ.

"ಅಜ್ಜಿ, ಕಾಫಿ ಆಯ್ತಾ?"

"ಇಲ್ಲ ಕಣಮ್ಮ, ಖಾಲಿ ಹೊಟ್ಟೆ."

ಒಲೆಯ ಪಕ್ಕದ ಲೋಟದಲ್ಲಿ ಇನ್ನೂ ನೊರೆಯಿದೆ. "ರಕ್ತ ನಾಳೆ ತಗೋತೀನಿ ಬಿಡಿ. ಇವತ್ತು ವಂಶವೃಕ್ಷ ಬರೆಯೋಣ," ಎಂದು ಶರಾವತಿ ಹಾಳೆ ಬಿಡಿಸುತ್ತಾರೆ.

ಶಿವಮೊಗ್ಗದ ರಾಗಿಗುಡ್ಡದಿಂದ ಮೊದಲ ಬಸ್ಸಿಗೇ ಬರುವ ಇವರಿಗೆ ನಲವತ್ತೇಳು ವರ್ಷ. ಥೈರಾಯ್ಡ್, ಕೀಲುವಾತ, ತೊನ್ನು ಇಂಥ ಬೇರೆ ಬೇರೆ ಕಾಯಿಲೆಗಳ ಹಿಂದೆ ಒಂದೇ ವಂಶವಾಹಿಯ ಕೈವಾಡವಿದೆಯೇ ಎಂದು ಹುಡುಕುವ ಸಂಶೋಧನಾ ತಂಡಕ್ಕೆ ಆರು ವರ್ಷದಿಂದ ಮನೆಮನೆ ಸುತ್ತುತ್ತಿದ್ದಾರೆ. ದಿನಕ್ಕೆ ನಾಲ್ಕು ಮನೆ. ಒಂದರಲ್ಲಾದರೂ ಬಾಗಿಲು ಮುಖಕ್ಕೆ ಬಡಿಯುತ್ತದೆ. ಜನಕ್ಕೆ ಇವರ ಮೇಲೆ ಗುಮಾನಿ, ಇವರಿಗೆ ಜನರ ಮೇಲೆ ಅದರ ಎರಡರಷ್ಟು. "ನಮ್ಮ ವಂಶದಲ್ಲಿ ರೋಗವೇ ಇಲ್ಲ ಅಂತ ಬರೆಸಿದ್ರೆ, ಮನೇಲಿ ಮದುವೆ ಮಾತು ನಡೀತಿದೆ ಅಂತ ತಿಳ್ಕೊಳಿ," ಎನ್ನುತ್ತಾರೆ.

ಈ ಅಜ್ಜಿಯ ನಿಜ ಹೆಸರು ಇಲ್ಲಿ ಬೇಡ, ಈಶ್ವರಮ್ಮ ಎಂದಿಟ್ಟುಕೊಳ್ಳಿ. ಅವರಿಗೆ ಥೈರಾಯ್ಡ್, ಮಗನಿಗೆ ಕೀಲುವಾತ.

"ಒಡಹುಟ್ಟಿದವರು?"

"ನಾನೊಬ್ಬಳೇ."

ಶರಾವತಿಯ ಪೆನ್ನು ನಿಲ್ಲುತ್ತದೆ. ಮಾಸಿದ ಗೋಡೆಯಲ್ಲಿ ಒಂದು ಚೌಕ ಮಾತ್ರ ಬೆಳ್ಳಗಿದೆ. ಮೇಲಿನ ಮೊಳೆಯಲ್ಲಿ ಒಣಗಿದ ಹಾರದ ದಾರ ಇನ್ನೂ ನೇತಾಡುತ್ತಿದೆ. "ಇಲ್ಲಿದ್ದ ಫೋಟೋ ಯಾರದು ಅಜ್ಜಿ?"

ಈಶ್ವರಮ್ಮ ಎದ್ದು ಬೀದಿ ಬಾಗಿಲು ಮುಚ್ಚುತ್ತಾರೆ. ಭಾನುವಾರ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದಾರೆ. ಕೊನೆಗೆ ಟ್ರಂಕಿನಿಂದ ಫೋಟೋ ತೆಗೆದು ಸೆರಗಿನಿಂದ ಒರೆಸುತ್ತಾರೆ. "ನನ್ನ ತಂಗಿ. ಮುಖದ ತುಂಬ ತೊನ್ನು. ಮದುವೇನೇ ಆಗಲಿಲ್ಲ, ಹಂಗೇ ಹೋದ್ಲು. ಗಂಡಿನ ಕಡೆಯವರ ಕಿವಿಗೆ ಬಿದ್ರೆ ನಮ್ಮ ಹುಡುಗಿ ಗತಿ ಏನು ಮಾರಾಯ್ತಿ?"

"ಹಾಳೇಲಿ ಹೆಸರಿರಲ್ಲ ಅಜ್ಜಿ, ಬರೀ ನಂಬರು. ಆದ್ರೆ ಇವರನ್ನ ಬಿಟ್ರೆ ಕೊಂಡಿ ಕಳಚುತ್ತೆ."

ಅಜ್ಜಿ ತಲೆಯಾಡಿಸಿದ ಮೇಲೆಯೇ ಶರಾವತಿ ಹಾಳೆಯಲ್ಲಿ ತಂಗಿಯ ಗುರುತಾಗಿ ಇನ್ನೊಂದು ಸೊನ್ನೆ ಬರೆಯುತ್ತಾರೆ.

ಇಷ್ಟೊಂದು ಅನುಮಾನ ಎಲ್ಲಿಂದ ಬಂತು? ಬಸ್ಸಿಗೆ ಕಾಯುತ್ತ ಕೇಳಿದರೆ ಇವರ ಮುಖ ಬಾಡುತ್ತದೆ. "ಹಾವಿನ ಹೆಜ್ಜೆ ಹಾವೇ ಬಲ್ಲದು. ಟ್ರೈನಿಂಗಲ್ಲಿ ಮೊದಲು ನಮ್ಮನೇದೇ ಬರೆಸಿದ್ರು. ನನ್ನ ಎತ್ತಿ ಆಡಿಸಿದ ಸೋದರತ್ತೆಗೆ ತೊನ್ನಿತ್ತು. ಅವಳನ್ನ ಬಿಟ್ಟೇ ಬರೆದೆ. ತಿದ್ದೋಕೆ ಎರಡು ವರ್ಷ ಬೇಕಾಯ್ತು."

ವರದಿಯಲ್ಲಿ ಡಾಕ್ಟರುಗಳ ಹೆಸರು ಬರುತ್ತದೆ, ಇವರದ್ದು ಬರುವುದಿಲ್ಲ. ಅದರ ಬೇಸರವೂ ಇವರಿಗಿಲ್ಲ.

"ನನ್ನ ಹೆಸರು ತಗೊಂಡು ಏನ್ ಮಾಡಲಿ? ಭಾನುವಾರ ಕಳೆದ ಮೇಲಾದ್ರೂ ಆ ಫೋಟೋ ಮೊಳೆಗೆ ವಾಪಸ್ ಬಂದ್ರೆ ಸಾಕು."