ಗುಡುಗುಡು ಗಾಡಿಯ ಹಿಂದಿನ ಸೀಟು

ನಮ್ಮ ಮನೆಯಲ್ಲಿ ಎರಡು ಬೈಕುಗಳಿವೆ. ದೊಡ್ಡದು ಯಜಮಾನರದು, ಪೆಟ್ರೋಲಿನದು. ಅದು ಸುರಪುರದ ಏರು ಹತ್ತಿ ಬರುತ್ತಿದ್ದರೆ ನಮ್ಮ ಓಣಿಯ ಭಾಂಡೆಸಾಮಾನೆಲ್ಲ ನಡುಗುತ್ತದೆ. ಭಾನುವಾರ ಬಂತೆಂದರೆ ಅದಕ್ಕೆ ಸ್ನಾನ ಮಾಡಿಸುತ್ತಾರೆ, ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾರೆ, ಸಂದುಗೊಂದಿಗೆಲ್ಲ ಎಣ್ಣೆ ಬಿಡುತ್ತಾರೆ. ಎರಡು ಬಾಣಂತನದಲ್ಲಿ ನನಗೂ ಅಷ್ಟು ಎಣ್ಣೆ ಯಾರೂ ಹಚ್ಚಲಿಲ್ಲ. ಎರಡೂ ಬದಿಗೆ ತೋಪಿನಂಥ ಸೈಲೆನ್ಸರು. ಹಿಂದಿನ ಸೀಟೋ, ಸೀರೆಯುಟ್ಟವರು ಹತ್ತಬೇಕಾದರೆ ಮೊದಲು ಒಂದು ಕಟ್ಟೆ ಹುಡುಕಬೇಕು, ಆಮೇಲೆ ದೇವರನ್ನು ನೆನೆಯಬೇಕು.

ನಾನು ಶಹಾಪುರದ ಶಾಲೆಯೊಂದರಲ್ಲಿ ಟೀಚರ್. ಎಷ್ಟೋ ವರ್ಷ ಆ ಸೀಟಿನ ಮೇಲೆ ಕುಳಿತೇ ಕೆಲಸಕ್ಕೆ ಹೋದೆ. ಯಜಮಾನರ ಚಹಾ ಆಗಬೇಕು, ಪೇಪರು ಮುಗಿಯಬೇಕು, ಕನ್ನಡಿಯ ಮುಂದೆ ಮೀಸೆ ಒಪ್ಪವಾಗಬೇಕು; ಆಮೇಲೆ ಸವಾರಿ ಹೊರಡಬೇಕು. ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. "ಬರ್ರಿ ಬಾಯಾರ, ಗಾಡಿ ಸಪ್ಪಳ ಯಾವಾಗೋ ಬಂತು, ನೀವು ಈಗ ಬಂದ್ರಿ" ಎಂದು ಹೆಡ್‌ಮಾಸ್ತರರು ಹಲ್ಲು ಕಿಸಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಾಕಾಗಿ ಹೋಗಿ ನಾನೇ ಒಂದು ಹಗುರಾದ ಕರೆಂಟ್ ಬೈಕು ತಂದೆ. ಯಜಮಾನರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಒಂದೇ ಕೈಯಿಂದ ಎತ್ತಿ ನೋಡಿದರು.

"ಇದೇನು, ಹಿಟ್ಟು ಬೀಸಾಕ ತಂದೀ ಏನ? ಸಪ್ಪಳಿಲ್ಲ, ಹೊಗಿ ಇಲ್ಲ. ಇರಲಿ. ಆದ್ರ ಒಂದೇ ಒಂದ್ ಸಲ ದಾರ್ಯಾಗ ನಿಂತ್ತಂದ್ರ ತಿರುಗಿ ಶೋರೂಮಿಗೆ. ಆಮ್ಯಾಲ ಸುಮ್ನ ನನ್ನ ಹಿಂದ ಕುಂದ್ರಬೇಕು."

"ಆತ್ರಿ" ಎಂದೆ. ಬೇರೆ ಏನು ಅನ್ನಲಿ? ಅವತ್ತಿನಿಂದ ನಾನು ನನ್ನ ಹೊತ್ತಿಗೆ ನಾನೇ ಶಾಲೆಗೆ ಹೋಗುವ ಸುಖವೆಲ್ಲ ಆ ಬ್ಯಾಟರಿಯ ಮೇಲೆ ನಿಂತಿತು. ಪ್ರತಿ ಸಂಜೆ ಅವರು ಬಾಗಿಲಲ್ಲೇ "ಇವತ್ತರ ನಿಂತಿತ್ತೇನ?" ಎಂದು ಕೇಳುತ್ತಿದ್ದರು. ನನಗೆ ಜ್ವರ ಬಂದಾಗಲೂ ಅಷ್ಟು ಕಾಳಜಿಯಿಂದ ವಿಚಾರಿಸಿದವರಲ್ಲ.

ಹೀಗಿರುವಾಗ ಒಂದು ಅಮಾವಾಸ್ಯೆಗೆ ನಮ್ಮ ಅತ್ತೆ ಕೊಡೇಕಲ್‌ನ ಗುಡಿಗೆ ಹೋಗಬೇಕೆಂದರು. ಮಗನ ಗಾಡಿ ಹತ್ತುವುದನ್ನು ಅವರು ಎಂದೋ ಬಿಟ್ಟಿದ್ದರು, ಕೇಳಿದರೆ ಮೊಳಕಾಲು ನೋವು ಅನ್ನುತ್ತಿದ್ದರು. ಅವತ್ತು ಮಾತ್ರ ನಿರಿಗೆ ಎತ್ತಿ ಕಟ್ಟಿ, "ನಾ ಸೊಸಿ ಗಾಡಿ ಮ್ಯಾಲ ಬರ್ತೀನಿ" ಎಂದು ನನ್ನ ಹಿಂದೆ ಕುಳಿತೇಬಿಟ್ಟರು. ಯಜಮಾನರು ತಮ್ಮ ದೊಡ್ಡ ಗಾಡಿಯ ಮೇಲೆ ಹಿಂದಿನಿಂದ ಹೊರಟರು. ದೇವರ ಮೇಲಿನ ಭಕ್ತಿಯಿಂದಲ್ಲ, ನನ್ನದು ಎಲ್ಲಿ ನಿಲ್ಲುತ್ತದೆಂದು ಕಣ್ಣಾರೆ ನೋಡುವುದಕ್ಕೆ.

ಅದು ನಿಲ್ಲುವ ಏರ್ಪಾಟು ಮನೆಯಲ್ಲೇ ಆಗಿತ್ತು. ನಮ್ಮ ಕಡೆ ಬುತ್ತಿ ಇಲ್ಲದೆ ಯಾರೂ ಊರು ದಾಟುವುದಿಲ್ಲ. ಅತ್ತೆ ನಸುಕಿನಲ್ಲೇ ಎದ್ದು, ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ ಬೇಕೆಂದು ನನ್ನ ಚಾರ್ಜರಿನ ಪ್ಲಗ್ ಕಿತ್ತು ಮಿಕ್ಸಿಯದು ಚುಚ್ಚಿದ್ದರು. ಹಿಂಡಿ ನುಣ್ಣಗಾಯಿತು, ಪ್ಲಗ್ ಮರೆತುಹೋಯಿತು. ಹೊರಡುವಾಗ ಮೀಟರು ಅರ್ಧ ತೋರಿಸುತ್ತಿತ್ತು. ಶಹಾಪುರಕ್ಕೆ ಸಾಲುವುದು ಕೊಡೇಕಲ್‌ಗೂ ಸಾಕು ಎಂದುಕೊಂಡೆ. ಹಿಂದೆ ಅತ್ತೆ, ಅತ್ತೆಯ ಮಡಿಲಲ್ಲಿ ಇಡೀ ಓಣಿಗೆ ಸಾಲುವಷ್ಟು ಬುತ್ತಿ ಇದ್ದದ್ದು ಲೆಕ್ಕಕ್ಕೇ ಬರಲಿಲ್ಲ.

ಹುಣಸಗಿ ದಾಟುವತನಕ ಅತ್ತೆಯ ಬಾಯಿಗೆ ಬಿಡುವಿರಲಿಲ್ಲ. ಈ ಗದ್ದೆ ಯಾರದು, ಆ ಮನೆಯ ಹುಡುಗಿಯನ್ನು ಎಲ್ಲಿಗೆ ಕೊಟ್ಟರು, ಎಲ್ಲ ಹೇಳುತ್ತ ಬಂದರು. ಮೆಲ್ಲಗೆ ಮಾತಾಡಿದರೂ ನನಗೆ ಕೇಳುತ್ತಿತ್ತು. ನಡುವೆ ಒಮ್ಮೆ, "ಇದರ ಮ್ಯಾಲ ಕುಂತ್ರ ಕಾಲು ಸುಡಂಗಿಲ್ಲ ನೋಡವ್ವ" ಎಂದರು.

"ಕಾಲು ಯಾವಾಗ ಸುಟ್ಟಿತ್ರಿ, ಅತ್ತಿ?"

ಅವರು ಉತ್ತರ ಕೊಡುವಷ್ಟರಲ್ಲಿ ಗಾಡಿಯ ವೇಗ ಇಳಿಯಿತು. ಕಾಲುವೆಯ ಪಕ್ಕ ಅದು ತೆಪ್ಪಗೆ ನಿಂತುಬಿಟ್ಟಿತು. ಮೀಟರು ನೋಡಿದೆ, ಸೊನ್ನೆ. ನಾಳೆಯಿಂದ ಮತ್ತೆ ಅದೇ ಕಟ್ಟೆ, ಅದೇ ಮೀಸೆ, ಅದೇ ಹೆಡ್‌ಮಾಸ್ತರರು!

ಯಜಮಾನರು ಪಕ್ಕಕ್ಕೆ ಬಂದು ನಿಂತರು. ಎಲೆಕ್ಷನ್ ಗೆದ್ದವರ ಮುಖ. ಎಂಜಿನ್ ಬಂದ್ ಮಾಡುವ ಗೋಜಿಗೂ ಹೋಗದೆ ಕೂಗಿದರು: "ನಿಂತ್ತಿಲ್ಲೋ! ಹೇಳಿದ್ನಿಲ್ಲ ನಾನು? ಯವ್ವಾ, ಇಳಿ. ಬಾ, ನನ್ನ ಗಾಡಿ ಹತ್ತು."

ಅತ್ತೆ ಏನೋ ಅಂದರು.

"ಆಂ? ಜೋರ್ ಹೇಳವ್ವ!"

ಅತ್ತೆ ಕೈ ಚಾಚಿ ಅವರ ಗಾಡಿಯ ಕೀಲಿ ತಿರುವಿದರು. ಒಮ್ಮೆಲೇ ಕಾಲುವೆಯ ನೀರಿನ ಸಪ್ಪಳ ಕೇಳತೊಡಗಿತು.

"ಹತ್ತಂಗಿಲ್ಲ ಅಂದ್ನಿ" ಎಂದು ಅತ್ತೆ ಸೀರೆಯ ಅಂಚು ಸರಿಸಿದರು. ಮೀನಖಂಡದ ಮೇಲೆ ಅಂಗೈಯಗಲ ಸುಟ್ಟ ಕಲೆ ಇತ್ತು. "ನಿನ್ನ ಸೈಲೆನ್ಸರ್ ಇದು. ಯಾದಗಿರಿ ದವಾಖಾನಿಗೆ ಹೋಗಿ ಬರೂ ಮುಂದ ಆಗಿದ್ದು."

ಯಜಮಾನರ ಮುಖ ಇಷ್ಟಾಯಿತು. "ಯವ್ವಾ... ಆವತ್ತ ಹೇಳಬಾರದೇನು?"

"ಹೇಳಿದ್ನೋ ಯಪ್ಪಾ. ಶಹಾಪುರ ಬರೂತನಕ ಒದರಿದ್ನಿ. ನಿನ್ನ ಬೆನ್ನಿಗೆ ಗುದ್ದಿದ್ನಿ. ನೀ ಏನ್ ಮಾಡಿದಿ ಗೊತ್ತದೇನು? 'ಮಜಾ ಬಂತೇನ ಯವ್ವಾ' ಅಂತ ನಕ್ಕೋತ ಇನ್ನಷ್ಟು ಜೋರ ಹೊಡದಿ."

ಅವರು ಗಾಡಿಯಿಂದ ಇಳಿದು, ಬಗ್ಗಿ ಆ ಕಲೆಯನ್ನು ನೋಡಿದರು. ಆಮೇಲೆ ತಮ್ಮ ಗಾಡಿ ಚಾಲೂ ಮಾಡಿ, ಒಂದು ಕಾಲನ್ನು ನನ್ನ ಗಾಡಿಯ ಫುಟ್‌ರೆಸ್ಟಿಗೆ ಕೊಟ್ಟು, ಮೆಲ್ಲಗೆ ಕೊಡೇಕಲ್‌ತನಕ ದೂಡಿಕೊಂಡು ಬಂದರು. ಅಷ್ಟು ಬಲದ ಗಾಡಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು.

ಊರು ಮುಟ್ಟಿದ ಮೇಲೆ, "ಮತ್ತ, ಶೋರೂಮಿಗೆ ಯಾವತ್ತು ಹೋಗೂದ್ರಿ?" ಎಂದು ನಾನೇ ಕೇಳಿದೆ. ನನ್ನ ಕಡೆ ನೋಡದೆ ಅವರು ಚಹಾದಂಗಡಿಯೊಳಗೆ ಹೋದರು.

"ಸ್ವಲ್ಪ ಚಾರ್ಜ್ ಹಚ್ಚಾಕ ಜಾಗ ಕೊಡ್ರಿ. ನಮ್ಮವ್ವ ತಿರುಗಿ ಇದರ ಮ್ಯಾಲೇ ಹೋಗ್ತಾಳ."

ಎಷ್ಟು ಮೆಲ್ಲಗೆ ಹೇಳಿದರೆಂದರೆ, ಅಂಗಡಿಯವನಿಗೆ ಕೇಳಿಸಲಿಲ್ಲ. ಅವರು ಇನ್ನೊಮ್ಮೆ ಹೇಳಬೇಕಾಯಿತು.