ನಲವತ್ತು ನಿಮಿಷದ ಕತ್ತಲು

ಬಹಳ ವರ್ಷ ಮುಚ್ಚಿಟ್ಟಿದ್ದ ಯಂತ್ರಕ್ಕೆ ಕರೆಂಟು ಹರಿದು ಒಳಗಿನ ದೂಳು ಬಿಸಿಯಾಗುವಾಗ ಒಂದು ವಾಸನೆ ಬರುತ್ತದೆ. ಸುಟ್ಟ ಕೂದಲು, ಬಿಸಿಲಿಗೆ ಬಿಟ್ಟ ಪ್ಲಾಸ್ಟಿಕ್ ಚಪ್ಪಲಿ ಎರಡೂ ಸೇರಿದಂಥ ವಾಸನೆ. ಕಳೆದ ವಾರ ಒಂದು ಮಧ್ಯಾಹ್ನ, ಕೊಪ್ಪಳದ ನನ್ನ ಮನೆಯಲ್ಲಿ, ನಮ್ಮಕ್ಕನ ಮಗಳು ಸುಮಾ ಹಳೆಯ ವಿಡಿಯೊ ಕ್ಯಾಸೆಟ್ ಮಶೀನಿನ ಗುಂಡಿ ಒತ್ತಿದಾಗ ಆ ವಾಸನೆ ಪಡಸಾಲೆಯ ತುಂಬ ಹರಡಿತು. ಐವತ್ತೈದು ದಾಟಿದ ನಾನು ಎರಡು ಹೆಜ್ಜೆ ಹಿಂದೆ ಸರಿದೆ. “ಯಾಕ ಮಾಮಾ, ಹಿಂಗ ಬೆವತೀರಿ?” ಎಂದಳು. “ಸೆಕಿ” ಎಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಆ ವಾಸನೆಯ ಹಿಂದೆ ಒಂದು ಮನೆ ಇದೆ. ನಿಮ್ಮ ನೆನಪಿನಲ್ಲೂ ಅಂಥದ್ದೊಂದು ಇದ್ದೀತು, ಕೆಡವಿದ ಮೇಲೂ ಅದರ ಕತ್ತಲೆಯಲ್ಲಿ ತಡವರಿಸದೆ ನಡೆಯಬಲ್ಲಂಥ ಮನೆ. ನಮ್ಮದು ಗಂಗಾವತಿಯಲ್ಲಿ, ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿತ್ತು. ಈಗ ಅಲ್ಲಿ ಮೂರಂತಸ್ತಿನ ಲಾಡ್ಜು ನಿಂತಿದೆ, ಬಾವಿ ಇದ್ದ ಜಾಗದಲ್ಲಿ ಬೈಕು ನಿಲ್ಲಿಸುತ್ತಾರೆ. ಕುದಿಸಿದ ಭತ್ತದ ಹುಳಿ ವಾಸನೆ ಹಗಲೆಲ್ಲ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಗಾಳಿ ತಿರುಗಿದರೆ ಹೊಟ್ಟಿನ ಬೂದಿ ಒಣಹಾಕಿದ ಸೀರೆಗಳ ಮೇಲೆ ಬಂದು ಕೂರುತ್ತಿತ್ತು. ಅಪ್ಪ ಭತ್ತದ ವ್ಯಾಪಾರಿ. ಮಾತು ಕಡಿಮೆ, ಸಿಟ್ಟು ಬಂದಾಗ ಅದೂ ಇರುತ್ತಿರಲಿಲ್ಲ. ಮನೆಮಂದಿಯೆಲ್ಲ ಹೆದರುತ್ತಿದ್ದದ್ದು ಆ ಸುಮ್ಮನಿರುವಿಕೆಗೆ. ಪಡಸಾಲೆಯಲ್ಲಿ ಎರಡು ಬಾಗಿಲಿನ ಮರದ ಪೆಟ್ಟಿಗೆಯೊಳಗೆ ಟಿವಿ, ಅದರ ತಲೆಯ ಮೇಲೆ ಕಿನ್ನಾಳದ ಬಣ್ಣದ ಮರದ ಗಿಳಿಗಳ ಜೋಡಿ. ಟಿವಿಗೆ ಏನಾದರೂ ಆದರೆ ಬರುತ್ತಿದ್ದವರು ರೇಡಿಯೊ ರಿಪೇರಿಯ ಮೌಲಾಸಾಬ, ನಮಗೆ ಮೌಲಾಕಾಕಾ. “ಮತ್ತ ಕೆಟ್ಟಿತೇನೋ ಮೌಲಾ ನಿನ್ನ ಡಬ್ಬಿ?” ಎಂದು ಅವ್ವ ಅಡುಗೆಮನೆಯಿಂದಲೇ ಕೂಗಿದರೆ, “ಕೆಟ್ಟಿಲ್ರಿ ಅಕ್ಕಾರ, ನಿಮ್ಮ ಕೈ ಚಾದ ಹಾದಿ ನೋಡಾಕತ್ತೈತಿ” ಎನ್ನುತ್ತಿದ್ದರು. ಗೋಡೆಯ ಗೂಡಿನಲ್ಲಿ ಅವರಿಗೆಂದೇ ನೀಲಿ ಅಂಚಿನ ಕಪ್ಪೊಂದು ಬೇರೆ ಇರುತ್ತಿತ್ತು. ಬೇರೆ ಯಾಕೆ ಎಂದು ನಾನು ಕೇಳಲಿಲ್ಲ. ಕಾಕಾ ಕೇಳಿದ್ದನ್ನೂ ನೋಡಲಿಲ್ಲ.

ಅವರ ಚೀಲದೊಳಗಿನ ವೈರುಗಳೆಂದರೆ ನನಗೆ ಜೀವ. “ಲೇ ಇಂಜಿನಿಯರ್, ಬಾ ಇಲ್ಲಿ” ಎಂದು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಿದ್ದರು. “ಹಳದಿ ಪಿನ್ನು ಚಿತ್ರಾ, ಬಿಳಿ ಪಿನ್ನು ಮಾತು. ಮಶೀನಿಗಿ ಒಂದು ಬಾಯಿ, ಒಂದು ಕಿವಿ. ಔಟ್ ಅಂದ್ರ ಬಾಯಿ, ಇನ್ ಅಂದ್ರ ಕಿವಿ. ಇದರ ಬಾಯಾಗಿಂದ ಅದರ ಕಿವಿಯಾಗ ಹೋಗಬೇಕು. ಚಿತ್ರಾ ಬರಲಿಲ್ಲಂತ ಎಲ್ಲಾ ಕಿತ್ತಿ ಕುಂದ್ರಬ್ಯಾಡ. ಟಿವಿ ಕಡೀ ತುದಿ ಮೊದಲ ನೋಡು. ಅರ್ಧ ರೋಗ ಅಲ್ಲೇ ಇರತೈತಿ.” ಸುಮಾಳ ತಾಯಿ, ನಮ್ಮ ಗಿರಿಜಕ್ಕನನ್ನು ಯಲಬುರ್ಗಾಕ್ಕೆ ಕೊಟ್ಟಾಗ ಮದುವೆಯ ವಿಡಿಯೊ ತೆಗೆಯಲು ಹೊಸಪೇಟೆಯಿಂದ ಒಬ್ಬನನ್ನು ಕರೆಸಿದ್ದರು, ಅವನ ಹಿಂದೆ ದೊಡ್ಡ ದೀಪ ಹಿಡಿದು ನಿಂತವರು ಮೌಲಾಕಾಕಾ. ಮುಕ್ಕಾಲು ಗಂಟೆಯೂ ಇಲ್ಲದ ಆ ಕ್ಯಾಸೆಟ್ಟು ಮನೆಗೆ ಬಂದ ದಿನ ಅದರ ಬೆನ್ನಿನಲ್ಲಿದ್ದ ಪುಟ್ಟ ಚಕ್ಕೆಯನ್ನು ಅವರೇ ಸ್ಕ್ರೂಡ್ರೈವರಿನಿಂದ ಮುರಿದು ತೆಗೆದರು. “ಇನ್ನ ಇದನ್ನ ಯಾರೂ ಅಳಸಾಕ ಬರಂಗಿಲ್ಲ” ಎಂದರು. ಚಕ್ಕೆ ಹೋದ ತೂತಿಗೆ ಅಂಟುಟೇಪು ಹಚ್ಚಿದರೆ ಅದೇ ಕ್ಯಾಸೆಟ್ಟಿನಲ್ಲಿ ಮತ್ತೆ ತುಂಬಬಹುದೆಂದು ನನಗೆ ಗೊತ್ತಿತ್ತು. ಹಳೆಯ ಸಿನಿಮಾ ಕ್ಯಾಸೆಟ್ಟುಗಳಿಗೆ ಅವರು ಹಾಗೆ ಮಾಡುವುದನ್ನು ಅಂಗಡಿಯಲ್ಲಿ ನೋಡಿದ್ದೆ.

ಎರಡು ವರ್ಷ ತುಂಬುವುದರೊಳಗೆ ಅಕ್ಕ ಜ್ವರದಲ್ಲಿ ಹೋದಳು. ಸುಮಾ ಆಗ ಮೂರು ತಿಂಗಳ ಕೂಸು. ಕೂಸು ದೊಡ್ಡದಾದರೆ ತಾಯಿಯನ್ನು ನೋಡಲು ಬೇಕಾಗುತ್ತದೆಂದು ಭಾವ ಕ್ಯಾಸೆಟ್ಟು ಕೇಳಿದರು. ಇದ್ದದ್ದೊಂದೇ. ಅಪ್ಪ ಕಾಕಾನನ್ನು ಕರೆಸಿ ಇನ್ನೊಂದು ಪ್ರತಿ ಮಾಡಿಕೊಡು ಎಂದರು. ಶುಕ್ರವಾರ ಮಧ್ಯಾಹ್ನ ಕಾಕಾ ಒಂದೇ ಥರದ ಎರಡು ಮಶೀನು ತಂದು, ಒಂದರಲ್ಲಿ ಅಕ್ಕನ ಕ್ಯಾಸೆಟ್ಟು, ಇನ್ನೊಂದರಲ್ಲಿ ಖಾಲಿ ಕ್ಯಾಸೆಟ್ಟು ಇಟ್ಟು, ವೈರು ಜೋಡಿಸಿದರು. ಅಷ್ಟರಲ್ಲಿ ಜುಮ್ಮಾದ ಹೊತ್ತಾಯಿತು. “ನಮಾಜ್ ಮುಗಿಸ್ಕೊಂಡ ಬರ್ತೀನಿ. ನಾ ಬರೋತನ ಕೈ ಹಚ್ಚಬ್ಯಾಡ, ಇಂಜಿನಿಯರ್” ಎಂದು ಟೊಪ್ಪಿಗೆ ಹಾಕಿಕೊಂಡು ಹೋದರು.

ನನಗಾಗ ಹದಿನೈದು. ಅವರು ಬರುವುದರೊಳಗೆ ಮುಗಿಸಿಟ್ಟು ಶಭಾಶ್ ಅನ್ನಿಸಿಕೊಳ್ಳಬೇಕೆಂಬ ಆಸೆ. ಅದಕ್ಕಿಂತ ಹೆಚ್ಚಾಗಿ ಅಕ್ಕನನ್ನು ನೋಡಬೇಕಿತ್ತು. ಮಶೀನು ಶುರು ಮಾಡಿದೆ, ಟಿವಿಯಲ್ಲಿ ಚಿತ್ರ ಬರಲಿಲ್ಲ. ಟಿವಿ ಕಡೆಯ ತುದಿಯನ್ನು ನಾನು ನೋಡಲಿಲ್ಲ. ಅವಸರದಲ್ಲಿ ಕಾಕಾ ಬಾಯಿಯನ್ನೂ ಕಿವಿಯನ್ನೂ ಅದಲುಬದಲು ಮಾಡಿದ್ದಾರೆಂದು ನಾನೇ ತೀರ್ಮಾನಿಸಿ, ಎರಡು ಮಶೀನಿನ ನಡುವಿನ ಪಿನ್ನುಗಳನ್ನು ಕಿತ್ತು ತಿರುಗಿಸಿ ಹಾಕಿದೆ. ಹೇಳಬೇಕಾಗಿದ್ದ ಮಶೀನು ಈಗ ಕೇಳುವ ಮಶೀನಾಯಿತು. ಕೇಳುವ ಮಶೀನಿನ ಕೆಂಪು ಗುಂಡಿ ಒತ್ತಬೇಕೆಂಬುದು ಗೊತ್ತಿತ್ತು, ಒತ್ತಿದೆ. ಅದು ಅಕ್ಕನ ಕ್ಯಾಸೆಟ್ಟನ್ನು ಹೊರಗೆ ಉಗುಳಿತು. ಬೇಡ ಎಂದು ಆ ಯಂತ್ರ ಕೂಡ ಹೇಳಿತ್ತು. ನಾನು ಶಾಲೆಯ ಪಾಟಿಚೀಲದಿಂದ ಅಂಟುಟೇಪು ತೆಗೆದು, ತೂತು ಮುಚ್ಚಿ, ಮತ್ತೆ ಒಳಗೆ ತಳ್ಳಿ ಒತ್ತಿದೆ. ಕೆಂಪು ದೀಪ ಹತ್ತಿತು. ಟಿವಿಯಲ್ಲಿ ಚಿತ್ರ ಬಾರದಿದ್ದರೂ ಪ್ರತಿ ಆಗುತ್ತಿದೆಯೆಂದುಕೊಂಡು ನಲವತ್ತು ನಿಮಿಷ ಆ ದೀಪದ ಮುಂದೆ ಹಿಗ್ಗಿನಿಂದ ಕೂತಿದ್ದೆ.

ಕಾಕಾ ಬಂದವರೇ ಟಿವಿಯ ಹಿಂದಿನ ವೈರನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ಸಡಿಲಾಗಿತ್ತು, ಅಷ್ಟೇ. ತೆರೆ ಬೆಳಗಿತು, ಅದರಲ್ಲಿ ಬರೀ ಕತ್ತಲು. ಮಶೀನು ನಿಲ್ಲಿಸಿದರು, ಹಿಂದಕ್ಕೆ ಸುತ್ತಿದರು, ಕತ್ತಲು. ಕ್ಯಾಸೆಟ್ಟು ಹೊರಗೆ ತೆಗೆದು ಬೆನ್ನು ತಿರುಗಿಸಿದರು. ಅಂಟುಟೇಪನ್ನು ನೋಡಿದರು, ನನ್ನನ್ನು ನೋಡಿದರು. ಬಾಗಿಲಲ್ಲಿ ಅಪ್ಪನ ಚಪ್ಪಲಿಯ ಸದ್ದಾಯಿತು. ನನ್ನ ಚಡ್ಡಿ ಒದ್ದೆಯಾಗಿತ್ತು. ಅದು ಅವರಿಗೆ ಕಂಡಿತು. ಅವರು ಉಗುರಿನಿಂದ ಆ ಟೇಪಿನ ತುಂಡನ್ನು ಕಿತ್ತು, ಉಂಡೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡು ಎದ್ದು ನಿಂತರು.

“ತಪ್ಪಾತ್ರಿ ಸಾವ್ಕಾರ್ರ. ವೈರ್ ತಿರುವಿ ಹಾಕಿಬಿಟ್ಟೆ. ಅಳಿಸಿಹೋತು. ಕಡಿಯಾಕ ಒಂಚೂರು ಉಳದೈತಿ…”

“ಎದ್ದು ಹೋಗು” ಎಂದರು ಅಪ್ಪ. ಅಷ್ಟೇ. ಅವ್ವ ಓಡಿಬಂದು ಹೊಸ್ತಿಲಲ್ಲಿ ಕುಸಿದು, “ನನ್ನ ಮಗಳನ್ನ ಎರಡನೇ ಸಲ ಕೊಂದ್ಯಲ್ಲೋ ಮೌಲಾ” ಎಂದು ಅತ್ತಳು. ಕಾಕಾ ಮಶೀನುಗಳನ್ನು ಬಗಲಲ್ಲಿ ಅವುಚಿಕೊಂಡು ತಲೆ ತಗ್ಗಿಸಿ ನಡೆದರು. ಹಳದಿ ವೈರೊಂದು ಪೆಟ್ಟಿಗೆಯ ಕೆಳಗೆ ಉಳಿದಿತ್ತು, ಎತ್ತಿಟ್ಟುಕೊಂಡೆ. ನೀಲಿ ಅಂಚಿನ ಕಪ್ಪು ಗೂಡಿನಲ್ಲಿ ಬೋರಲಾಗಿ ಬಹಳ ದಿನ ಇತ್ತು, ಆಮೇಲೆ ಅದೂ ಕಾಣಲಿಲ್ಲ. ಕ್ಯಾಸೆಟ್ಟನ್ನು ಭಾವ ಯಲಬುರ್ಗಾಕ್ಕೆ ಒಯ್ದು ಟ್ರಂಕಿನ ತಳಕ್ಕೆ ಹಾಕಿದರು. ಕೊನೆಯಲ್ಲಿ ಒಂದಿಷ್ಟು ಉಳಿದಿದೆ ಎಂಬ ಕಾಕಾನ ಮಾತನ್ನು ಅಪ್ಪ ಕೇಳಿಸಿಕೊಂಡಿರಲಿಲ್ಲ. ನಾನು ಕೇಳಿಸಿಕೊಂಡಿದ್ದೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ಉಳಿದದ್ದನ್ನೂ ಹೇಳಬೇಕಾದೀತೆಂಬ ಭಯಕ್ಕೆ.

ಆ ಭಯದ ಜೊತೆಗೇ ನಾನು ಮುದುಕನಾದೆ. ಎಸ್ಸೆಸ್ಸೆಲ್ಸಿ ಮುಗಿಸಿ ಕೊಪ್ಪಳಕ್ಕೆ ಬಂದು ನೆಲೆಸಿದೆ. ಓಣಿಯಲ್ಲಿ ಯಾರು ಟಿವಿ ತಂದರೂ, ಡಿಶ್ಶಿನ ಡಬ್ಬಿ ತಂದರೂ, ವೈರು ಜೋಡಿಸಲು ನನ್ನನ್ನೇ ಕರೆಯುತ್ತಾರೆ. ಹಳದಿ ಪಿನ್ನು ಕೈಗೆ ಬಂದಾಗಲೆಲ್ಲ ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತೇನೆ. ಗಂಗಾವತಿಗೆ ಹೋದರೆ ರೇಡಿಯೊ ಅಂಗಡಿಯ ಓಣಿ ತಪ್ಪಿಸಿ ಸುತ್ತು ಹಾಕಿ ನಡೆಯುತ್ತಿದ್ದೆ. ಒಮ್ಮೆ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಹಿಂದಿನಿಂದ ದನಿ ಬಂತು: “ಇಂಜಿನಿಯರ್, ಆರಾಮ ಅದಿಯೇನಪಾ?” ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ನಗುತ್ತಿದ್ದರು. ನಾನು ಎದುರಿಗಿದ್ದ ಬಸ್ಸು ಹತ್ತಿಬಿಟ್ಟೆ. ಅದು ಕುಷ್ಟಗಿಯ ಬಸ್ಸು. ಇಳಿಯಲು ಧೈರ್ಯವಾಗದೆ ಟಿಕೆಟ್ಟು ತೆಗೆಸಿ ಕುಷ್ಟಗಿವರೆಗೂ ಹೋದೆ. ಮುಂದಿನ ವರ್ಷ ಅವರು ತೀರಿಹೋದರೆಂದು ಕೇಳಿದೆ. ನಿಜ ಹೇಳುತ್ತೇನೆ, ಮೊದಲು ಬಂದದ್ದು ಅಳುವಲ್ಲ, ನಿರಾಳ.

ಭಾವ ಹೋದ ವರ್ಷ ತೀರಿಕೊಂಡಾಗ ಸುಮಾಳಿಗೆ ಟ್ರಂಕಿನಲ್ಲಿ ಆ ಕ್ಯಾಸೆಟ್ಟು ಸಿಕ್ಕಿತು. ಅಳಿಸಿಹೋಗಿದೆಯೆಂದು ಕೇಳಿದ್ದರೂ ಎಲ್ಲಾದರೂ ತಾಯಿಯ ಮುಖ ಉಳಿದಿದ್ದೀತೆಂದು, ಮದುವೆಯ ವಿಡಿಯೊ ಮಾಡುವುದನ್ನು ಬಿಟ್ಟ ಹಳೆಯ ಸ್ಟುಡಿಯೊದವರೊಬ್ಬರಿಂದ ಮಶೀನು ಬೇಡಿ ತಂದಳು. ಈಗಿನ ಟಿವಿಗೆ ಹಳದಿ ತೂತೇ ಇಲ್ಲ, ಅಗಲ ಬಾಯಿಯ ಎಚ್‌ಡಿಎಂಐ ಮಾತ್ರ. ನಡುವೆ ಬೆಂಕಿಪೆಟ್ಟಿಗೆಯಷ್ಟು ಒಂದು ಡಬ್ಬಿ ಬೇಕು. ಅದು ಎರಡು ಥರ ಸಿಗುತ್ತದೆ, ನೋಡಲು ಒಂದೇ. ಒಂದು ಹಳೆಯ ಮಶೀನಿನ ಚಿತ್ರವನ್ನು ಹೊಸ ಟಿವಿಗೆ ತರುತ್ತದೆ, ಇನ್ನೊಂದು ಅದಕ್ಕೆ ಉಲ್ಟಾ. ನಾನು ಬಜಾರಿಗೆ ಹೋಗಿ ಬೇಕೆಂದೇ ಉಲ್ಟಾದ್ದನ್ನು ತಂದೆ. “ಬರವಲ್ದು ನೋಡವಾ, ಕ್ಯಾಸೆಟ್ ಸತ್ತೈತಿ” ಎಂದೆ. ಹದಿನೈದು ದಿನ ದಕ್ಕಿತು. ಆದರೆ ಅವಳು ಅಕ್ಕನ ಮಗಳು, ಹಟ ಬಿಡುವವಳಲ್ಲ. ತಾನೇ ಅಂಗಡಿಯವನನ್ನು ಕೇಳಿ ಸರಿಯಾದ ಡಬ್ಬಿ ಹಿಡಿದು ಬಂದಳು. “ನಿಮಗೂ ವಯಸ್ಸಾತು ಮಾಮಾ, ಇನ್‌ಗೆ ಔಟ್ ತಂದೀರಿ” ಎಂದು ನಕ್ಕಳು. ಅವಳು ತಂದಿದ್ದ ಹಳದಿ ವೈರು ಒಳಗೇ ತುಂಡಾಗಿತ್ತು. ನನ್ನ ತಗಡಿನ ಡಬ್ಬಿಯಿಂದ ಕಾಕಾನ ವೈರು ತೆಗೆದು ಹಚ್ಚಿದೆ. ಟಿವಿಯ ತುದಿಯನ್ನು ಮೊದಲು ನೋಡಿದೆ. ಎಲ್ಲ ಗಟ್ಟಿಯಾಗಿತ್ತು.

ಗುಂಡಿ ಒತ್ತಿದಳು. ವಾಸನೆ ಬಂತು, ಆಮೇಲೆ ಕತ್ತಲು.

“ವೈರ್ ನೋಡ್ರಿ ಮಾಮಾ.” ನಾನು ಟಿವಿಯ ಹಿಂದೆ ಹೋಗಿ ಪಿನ್ನು ಕಿತ್ತು ಊದಿದೆ, ಮತ್ತೆ ಹಾಕಿದೆ. ಕೆಟ್ಟಿರದ ವೈರನ್ನು ರಿಪೇರಿ ಮಾಡುತ್ತ ಅಲ್ಲೇ ಬಗ್ಗಿ ನಿಂತಿದ್ದೆ. ಅವಳು ಮಾತಾಡುತ್ತಲೇ ಇದ್ದಳು: “ಸ್ಟುಡಿಯೊದವ್ರು ಏನಂದ್ರು ಗೊತ್ತೈತೇನ್ರಿ? ಇದರ ಚಕ್ಕಿ ಮುರದೈತಿ, ತಾನಾಗೇ ಅಳಿಸಂಗಿಲ್ಲ, ತೂತಿನ ಸುತ್ತ ಗಮ್ಮಿನ ಕಲಿ ಐತಿ, ಯಾರೋ ಗೊತ್ತಿದ್ದವ್ರ ಟೇಪ್ ಹಚ್ಚಿ ಅಳಿಸ್ಯಾರಂತ. ಕೈ ತಪ್ಪಿ ಆಗಿದ್ದಲ್ಲ ಮಾಮಾ. ಆ ಮನುಷ್ಯಾ ಬೇಕಂತನ ಮಾಡ್ಯಾನ. ನಮ್ಮವ್ವ ಅವಗ ಏನ್ ಮಾಡಿದ್ದಳು?”

ಇಷ್ಟು ವರ್ಷ ಕಾಕಾ ಕೈತಪ್ಪಿದ ರಿಪೇರಿಯವರಾಗಿದ್ದರು, ಈಗ ಕೇಡಿಗರಾಗಿಬಿಟ್ಟರು. ನನ್ನನ್ನು ಕಾಯಲು ಅವರು ಕಿತ್ತ ಟೇಪಿನ ಗುರುತೇ ಅವರ ಮೇಲೆ ಸಾಕ್ಷಿ ಹೇಳುತ್ತಿತ್ತು. ಟಿವಿಯ ಹಿಂದಿನಿಂದ ಎದ್ದೆ. ಅವಳೆದುರು ಬಂದು ನಿಂತೆ.

“ವೈರ್ ಸರಿ ಐತವಾ. ಟೇಪ್ ಹಚ್ಚಿದಾವ ನಾನು.”

ನಿಂತಲ್ಲೇ ಎಲ್ಲ ಹೇಳಿದೆ. ಒದ್ದೆ ಚಡ್ಡಿಯನ್ನೂ ಬಿಡಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ. “ನಮ್ಮಪ್ಪ ಸಾಯೋತನ ಆ ಮನುಷ್ಯಾಗ ಶಾಪ ಹಾಕಿದ. ನಾನೂ ಹಾಕೀನಿ” ಎಂದಳು. ಆಮೇಲೆ, “ಎಷ್ಟೊತ್ತೈತಿ ಈ ಕತ್ತಲಿ?” “ನಲವತ್ತು ನಿಮಿಷ.” “ನಡೀಲಿ” ಎಂದಳು. ಮುಂದಕ್ಕೆ ಓಡಿಸಲಿಲ್ಲ. ಇಬ್ಬರೂ ಆ ಕತ್ತಲಿನ ಮುಂದೆ ಕೂತೆವು. ಅಪ್ಪನ ಮೌನಕ್ಕೆ ಹೆದರಿದಷ್ಟೇ ಅವಳ ಮೌನಕ್ಕೂ ಹೆದರಿದೆ.

ಆಮೇಲೆ ತೆರೆ ಅದುರಿ, ಗೆರೆಗೆರೆಯಾಗಿ, ಒಮ್ಮೆಲೇ ಬೆಳಕಾಯಿತು. ಬಸ್ಸಿನ ಮೆಟ್ಟಿಲು. ಹಸಿರು ಸೀರೆಯಲ್ಲಿ ಗಿರಿಜಕ್ಕ. ದೀಪದ ಬೆಳಕು ಮುಖಕ್ಕೆ ಹೊಡೆದು, ಹಣೆಗೆ ಕೈ ಅಡ್ಡ ಹಿಡಿದು ಕಣ್ಣು ಕಿರಿದು ಮಾಡಿದ್ದಳು. ಸುಮಾಳ ಕೈ ತಾನಾಗಿಯೇ ತನ್ನ ಹಣೆಗೆ ಹೋಯಿತು. ತೆರೆಯೊಳಗಿನ ಅಕ್ಕ ಹೇಳಿದಳು: “ಕಾಕಾ, ಲೈಟ್ ಆರಸ್ರಿ. ಅವ್ವನ ಮಾರಿ ಕಾಣವಲ್ದು ನನಗ.” ಎಲ್ಲೋ ಪಕ್ಕದಿಂದ, “ಆತವಾ ಮಗಳ” ಎಂದಿತು ಇನ್ನೊಂದು ದನಿ. ದೀಪ ಆರಿತು. ಮಬ್ಬಿನಲ್ಲಿ ಎರಡು ಆಕೃತಿಗಳು ಒಂದನ್ನೊಂದು ತಬ್ಬಿಕೊಂಡವು, ಬಸ್ಸಿನ ಎಂಜಿನು ಗುರುಗುಟ್ಟಿತು, ಕ್ಯಾಸೆಟ್ಟು ಮುಗಿಯಿತು.

“ಆ ದನಿ ಅವರದೇನು?” ಎಂದಳು ಸುಮಾ. ಹೂಂ ಎಂದೆ. ಹಿಂದಕ್ಕೆ ಸುತ್ತಿ ಅಷ್ಟನ್ನೇ ಮತ್ತೆ ಹಾಕಿದಳು, ಮತ್ತೆ ಹಾಕಿದಳು. ಕೊನೆಗೆ ಕಣ್ಣೊರೆಸಿಕೊಂಡು, “ಅವರ ಮನಿಯಾಗ ಯಾರದಾರ?” ಎಂದಳು. “ಮಗ ಅದಾನಂತ, ಅದ ಅಂಗಡಿ.” “ಐತವಾರ ಹೋಗೂಣು. ನಾ ಏನೂ ಹೇಳಂಗಿಲ್ಲ. ನೀವ ಹೇಳಬೇಕು.”

ನಾಳೆ ಭಾನುವಾರ. ಆ ಮಗ ಬಾಗಿಲಲ್ಲಿ ನಿಲ್ಲಿಸಿ ಏನು ಕೇಳಿಯಾನೋ ಗೊತ್ತಿಲ್ಲ. ಹಳದಿ ವೈರನ್ನು ಸುತ್ತಿ ಚೀಲದಲ್ಲಿಟ್ಟಿದ್ದೇನೆ. ಅವ್ವ ಇಲ್ಲ, ಅಪ್ಪ ಇಲ್ಲ, ಗೂಡಿನ ಕಪ್ಪಿಲ್ಲ, ಗೂಡೂ ಇಲ್ಲ. ಗಂಗಾವತಿಯ ಬಸ್ಸು ಬೆಳಿಗ್ಗೆ ಇದೆ. ಈ ಸಲ ಬೋರ್ಡು ನೋಡಿಯೇ ಹತ್ತುತ್ತೇನೆ.