ಕುದುರೆ ಕಳ್ಳನ ಪಾಠ

ಪಾರ್ಕ್‌ಲ್ಯಾಂಡ್ಸಿನ ಆ ಖಾಸಗಿ ಶಾಲೆಯಲ್ಲಿ ಚಂದ್ರಹಾಸ ಮೇಷ್ಟ್ರ ಕುದುರೆ ಕಳ್ಳನ ಪಾಠ ಕೇಳದೆ ದೊಡ್ಡವರಾದ ಮಕ್ಕಳಿಲ್ಲ. ಮೈಸೂರಿನಿಂದ ನೈರೋಬಿಗೆ ಬಂದು ಆಗಲೇ ಇಪ್ಪತ್ತು ವರ್ಷಕ್ಕೂ ಮೇಲೆ ಚರಿತ್ರೆ ಕಲಿಸಿದ್ದರು. ವರ್ಷಕ್ಕೊಮ್ಮೆ ತರಗತಿಯನ್ನೇ ಹಳೆಯ ಇಂಗ್ಲೆಂಡಿನ ಕೋರ್ಟು ಮಾಡಿಬಿಡುವರು. ಮಕ್ಕಳಲ್ಲೊಬ್ಬ ಕಳ್ಳ, ಮೇಷ್ಟ್ರೇ ಜಡ್ಜು. ಜಡ್ಜಿನ ವಿಗ್ಗಿಗೆ ಮನೆಯಿಂದ ತಂದ ಬಿಳಿ ಟವೆಲ್ಲು. ಕುದುರೆ ಕದ್ದದ್ದಕ್ಕೆ ಮೊದಲು ನೇಣಿನ ತೀರ್ಪು, ಆಮೇಲೆ ದೊಡ್ಡ ಮನಸ್ಸು ಮಾಡಿ ಜೀವನಪೂರ್ತಿ ಆಸ್ಟ್ರೇಲಿಯಾಕ್ಕೆ ಗಡೀಪಾರು. ಆ ದಯೆ ಬೇಡ, ನೇಣಿಗೇ ಹಾಕಿ ಎಂದು ಬೇಡಿಕೊಂಡವರೂ ಇದ್ದರು ಎನ್ನುವರು. ಮಕ್ಕಳು ನಕ್ಕರೆ ಮೇಷ್ಟ್ರಿಗೆ ಸಿಟ್ಟು. ಹಡಗು ಹತ್ತಿದವನು ಹೆಂಡತಿ ಮಕ್ಕಳ ಮುಖವನ್ನು ಮತ್ತೆ ನೋಡುವುದಿಲ್ಲ, ಅದರಲ್ಲಿ ನಗುವಂಥದ್ದೇನಿದೆ ಎಂದು ಗದರುವರು.

೨೦೧೪ರ ಯುಗಾದಿಯ ನಂತರ ಆ ಪಾಠ ನಿಂತುಹೋಯಿತು. ಕಾರಣ ಗೋಪಾಲ.

ಗೋಪಾಲ ನಮ್ಮ ಕನ್ನಡ ಬಳಗದ ಅಡುಗೆಯವನು. ಹಾಸನದ ಕಡೆಯವನು. ಬಳಗವೇ ಕೆಲಸದ ಪರ್ಮಿಟ್ ಮಾಡಿಸಿ ಕರೆಸಿಕೊಂಡಿತ್ತು, ಸಭಾಂಗಣದ ಹಿಂದಿನ ಕೋಣೆಯನ್ನೂ ಕೊಟ್ಟಿತ್ತು. ಅವನ ಬಿಸಿಬೇಳೆಬಾತಿಗಾಗಿ ಲೊರೆಶೋ, ಸೌತ್ ಸಿ ಬಡಾವಣೆಗಳಿಂದ ಜನ ಟ್ರಾಫಿಕ್ಕಿಗೆ ಶಾಪ ಹಾಕುತ್ತಲೇ ಬರುತ್ತಿದ್ದರು. ಅಡುಗೆಯವನು ಇಂಥ ಜಾತಿಯವನೇ ಆಗಿರಬೇಕು, ಮಡಿಯಲ್ಲಿರಬೇಕು ಎಂಬುದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ಪಾಲಿಸುವ ಕಟ್ಟಳೆ. ಕಚೇರಿಯಲ್ಲಿ ಸಮಾನತೆಯ ಮೇಲೆ ವರದಿ ಬರೆಯುವ ಮಹಾಶಯರೂ ಈ ಮಾತು ಬಂದರೆ ಎಲೆಯ ಮೇಲಿನ ಪಾಯಸವನ್ನೇ ನೋಡುವರು.

ಯುಗಾದಿ ಊಟದ ದಿನ ಅಧ್ಯಕ್ಷ ಅನಂತ್, ತಮ್ಮ ಕಾರಿನಿಂದ ಪಾತ್ರೆ ಇಳಿಸಲೆಂದು ಕೀಲಿಯನ್ನು ಗೋಪಾಲನಿಗೆ ಕೊಟ್ಟರು. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಕಾರೂ ಇಲ್ಲ, ಗೋಪಾಲನೂ ಇಲ್ಲ. ಸಂಜೆಗೆ ಕಾರು ಒಂದು ಗೀರೂ ಬೀಳದೆ ವಾಪಸು ಬಂತು. ಅಷ್ಟರಲ್ಲಿ ಅನಂತ್ ಕೂಗಾಡಿ ಆಕಾಶ ಭೂಮಿ ಒಂದು ಮಾಡಿದ್ದರು. ಅಲ್ಲೇ ಕಮಿಟಿ ಕೂತಿತು.

"ಮಗೂಗೆ ಫಿಟ್ಸ್ ಬಂದಿತ್ತು ಸಾರ್," ಎಂದ ಗೋಪಾಲ. "ಕವಾಂಗ್ವಾರೆಯಿಂದ ಫೋನ್ ಬಂತು. ಆಸ್ಪತ್ರೆಗೆ ಸೇರಿಸಿ ಬಂದೆ."

"ಯಾರ ಮಗು?" ಅನಂತ್ ಕೇಳಿದರು.

"ನಂದೇ ಸಾರ್. ಇಲ್ಲಿಯವಳನ್ನೇ ಮದ್ವೆ ಆಗಿದೀನಿ. ವಾಂಜಿಕು ಅಂತ."

"ಕಾರು ಬೇಕು ಅಂತ ಒಂದು ಮಾತು ಕೇಳೋಕೇನಾಗಿತ್ತು ನಿಂಗೆ?"

"ಕೇಳಿದ್ರೆ ಇದನ್ನೆಲ್ಲಾ ಹೇಳ್ಬೇಕಾಗಿತ್ತಲ್ಲ ಸಾರ್."

ಆಮೇಲೆ ಕಾರಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಇವನ ಕೈಯಡುಗೆಯನ್ನು ನಾವೆಲ್ಲ ಎಷ್ಟು ಕಾಲದಿಂದ ಉಂಡೆವಪ್ಪಾ ಎಂಬ ಕಸಿವಿಸಿ ಮುಖಮುಖದಲ್ಲೂ ಕಾಣುತ್ತಿತ್ತು. ಕೊನೆಗೆ ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಅವರೇ ಹಿರಿಯರು. ಅವರು ಒಂದು ಮಾತು ಆಡಿದ್ದರೆ ಗೋಪಾಲ ಹೆಂಡತಿ ಮಗುವಿನ ಜೊತೆ ಇಲ್ಲೇ ಉಳಿಯುತ್ತಿದ್ದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಪೊಲೀಸು ಗಿಲೀಸು ಬೇಡ. ಪಾಪ, ಟಿಕೆಟ್ ತೆಗೆದು ಊರಿಗೆ ಕಳಿಸಿಬಿಡೋಣ, ಮರ್ಯಾದೆಯಾಗಿ ಹೋಗ್ಲಿ," ಎಂದರು.

ಗೋಪಾಲ ಕೈಮುಗಿದ. "ಪೊಲೀಸಿಗೇ ಕೊಡಿ ಸಾರ್. ಜೈಲಲ್ಲಿದ್ರೆ ಅವಳು ಮಗೂನ ಎತ್ಕೊಂಡು ಬಂದು ನೋಡ್ತಾಳೆ. ಊರಿಗೆ ಮಾತ್ರ ಕಳಿಸ್ಬೇಡಿ."

ಯಾರೋ ನಕ್ಕರು. ಪಂಕ್ತಿಗೆ ಕೂತಾಗಲೆಲ್ಲ ಊರು, ಊರು ಎಂದು ನಿಟ್ಟುಸಿರು ಬಿಟ್ಟು, ರಜೆ ಮುಗಿಯುವ ಮೊದಲೇ ಅಲ್ಲಿಂದ ಓಡಿಬರುವ ಜನ ನಾವು. ಊರು ಬೇಡ ಎನ್ನುವವನು ನಮಗೆ ಹುಚ್ಚನಂತೆ ಕಂಡ. ಮೇಷ್ಟ್ರೂ ನಕ್ಕರು. ವರ್ಷವರ್ಷವೂ ತಾವೇ ಹೇಳಿಕೊಟ್ಟ ಮಾತು ಎದುರಿಗೆ ನಿಂತು ಕನ್ನಡದಲ್ಲಿ ಬೇಡಿಕೊಂಡರೂ ಅವರಿಗೆ ಗುರುತು ಸಿಗಲಿಲ್ಲ.

ಗುರುತು ಸಿಕ್ಕಿದ್ದು ಹೆಂಡತಿ ಅಂಬುಜಾಗೆ. ಮನೆಗೆ ಹೋಗುವ ದಾರಿಯಲ್ಲಿ ಆಕೆ, "ಊರಿಗೆ ಕಳಿಸೋದು ದೊಡ್ಡ ಉಪಕಾರ ಅಂದ್ಕೊಂಡ್ರಲ್ಲ, ನಿಮ್ಮನ್ನ ಕಳಿಸ್ಲಾ ಮೈಸೂರಿಗೆ? ನಾನೂ ಮಕ್ಳೂ ಇಲ್ಲೇ ಇರ್ತೀವಿ," ಎಂದರು.

"ಅವನ ವಿಷಯ ಬೇರೆ ಕಣೇ."

"ಹೌದೌದು. ಇವತ್ತು ತಲೆಗೆ ಟವೆಲ್ ಸುತ್ಕೊಳ್ಳೋದೊಂದು ಮರೆತ್ರಿ, ಅಷ್ಟೆ."

ಮೇಷ್ಟ್ರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅನಂತ್‌ಗೆ ಫೋನ್ ಮಾಡಿ ನಾನು ಹೇಳಿದ್ದು ತಪ್ಪು ಎನ್ನಬೇಕೆಂದು ಮರುದಿನ ಫೋನ್ ಎತ್ತಿಕೊಂಡರು, ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ನಾಲ್ಕು ಜನರೆದುರು ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ಅವರಿಗೆ ನಾಚಿಕೆ. ತೀರ್ಪಿಗಿಂತ ಈ ನಾಚಿಕೆಯೇ ಆಮೇಲೆ ಅವರನ್ನು ಹೆಚ್ಚು ಸುಟ್ಟಿತು. ಅಷ್ಟರಲ್ಲಿ ಪರ್ಮಿಟ್ ರದ್ದಾಯಿತು, ಟಿಕೆಟ್ಟೂ ಬಂತು.

ವಿಮಾನ ನಿಲ್ದಾಣಕ್ಕೆ ಗೋಪಾಲನನ್ನು ಬಿಡಲು ಮೇಷ್ಟ್ರೇ ಹೋದರು. ಅಷ್ಟಾದರೂ ಮಾಡೋಣ ಎಂದುಕೊಂಡಿರಬೇಕು. ಬಾಗಿಲ ಹೊರಗೆ ವಾಂಜಿಕು ಮಗುವನ್ನು ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು. ಗಂಡ ಅವಳಿಗೆ ಏನು ಹೇಳಿದ್ದನೋ, ಮೇಷ್ಟ್ರನ್ನು ಕಂಡು ತಲೆಬಾಗಿಸಿ "ಅಸಾಂಟೆ" ಎಂದಳು. ಆ ಕೃತಜ್ಞತೆಗೆ ಮೇಷ್ಟ್ರು ತಲೆ ತಗ್ಗಿಸಿದರು.

ಗೋಪಾಲ ಮಗುವಿನ ಕಾಲು ಮುಟ್ಟಿ ನೋಡಿದ. ಆಮೇಲೆ ಬಗ್ಗಿ ಮೇಷ್ಟ್ರ ಕಾಲು ಮುಟ್ಟಿದ. ಮನೆಯಿಂದ ಹೊರಟವರಿಗೆಲ್ಲ ಹೇಳಿ ಹೇಳಿ ರೂಢಿಯಾದ ಬಾಯಿ, ಮೇಷ್ಟ್ರು ತಡೆಯುವ ಮೊದಲೇ, "ಹೋಗಿ ಬಾಪ್ಪ," ಎಂದುಬಿಟ್ಟಿತು.

ಗೋಪಾಲ ಎದ್ದುನಿಂತು ಅವರ ಮುಖ ನೋಡಿದ.

"ಹೆಂಗ್ ಬರ್ಲಿ ಸಾರ್?"

ಸಿಟ್ಟಿನಿಂದ ಕೇಳಲಿಲ್ಲ. ಓದಿದವರು, ಇವರಿಗೆ ದಾರಿ ಗೊತ್ತಿದ್ದರೂ ಇದ್ದೀತು ಎನ್ನುವ ಹಾಗೆ ಕೇಳಿ, ಉತ್ತರಕ್ಕೆ ಕಾಯುತ್ತ ನಿಂತ.